ಬಂದವರೆಷ್ಟು, ಕೊಂಡವರೆಷ್ಟು? ಜಾಲತಾಣದ ಲೆಕ್ಕ ಓದುವ ಬಗೆ

ನಮ್ಮ ಸದಸ್ಯರಲ್ಲಿ ಮಳೆಮಾಪಕ ಇಲ್ಲದ ಮನೆ ಕಡಿಮೆ. ಬೆಳಿಗ್ಗೆ ಎದ್ದು ಬಾಯಿಗೆ ಕಾಫಿ ಬೀಳುವ ಮೊದಲೇ ಅಂಗಳಕ್ಕಿಳಿದು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ‘ನಿನ್ನೆ 85 ಸೆಂಟು’ ಎಂದು ಪುಸ್ತಕದಲ್ಲಿ ಬರೆದಿಡುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಹೂಮಳೆ ಯಾವ ತಾರೀಖಿಗೆ ಬಂತು, ಅದರ ಬೆನ್ನಿಗೆ ಎರಡನೆಯ ಮಳೆ ಎಷ್ಟು ದಿನಕ್ಕೆ ಬಂತು ಎಂದು ಕೇಳಿದರೆ ಇಪ್ಪತ್ತು ವರ್ಷದ ಹಿಂದಿನದನ್ನೂ ತೆಗೆದು ತೋರಿಸುತ್ತೇವೆ. ಇಂಥ ನಾವೇ ಕಾಫಿ ಪುಡಿ ಮಾರಲೆಂದು ಒಂದು ಜಾಲತಾಣ ಮಾಡಿಸಿ, ಅದರ ಜಾಹೀರಾತಿಗೆ ತಿಂಗಳಿಗೆ ಮೂರೋ ನಾಲ್ಕೋ ಸಾವಿರ ಕಟ್ಟುತ್ತೇವೆ. ‘ಆ ಹಣದಿಂದ ಎಷ್ಟು ಕಿಲೋ ಹೋಯಿತು?’ ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರವಿಲ್ಲದೆ ಮಗನ ಮುಖ ನೋಡುತ್ತೇವೆ.

ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಬೆಳೆಯುವುದು ನಮ್ಮ ಕೆಲಸ, ಮಾರುವುದು ಮಂಡಳಿಯ ಕೆಲಸ. 1990ರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ಬಂದಿತು. ಇಂದು ಸಣ್ಣ ಹಿಡುವಳಿದಾರರೂ ಪುಡಿ, ಕರಿಮೆಣಸು, ಜೇನು, ಹಾಳೆ ತಟ್ಟೆ, ಹೋಂಸ್ಟೇ ಎಂದು ಗಿರಾಕಿಯನ್ನು ನೇರವಾಗಿ ಹುಡುಕುತ್ತಿದ್ದಾರೆ. ಸಂಘದ ಕಚೇರಿಗೆ ಬರುವ ಸದಸ್ಯರು ಇತ್ತೀಚೆಗೆ ಕೊಳೆರೋಗದ ಔಷಧಿಯ ಜೊತೆಗೆ ಜಾಲತಾಣದ ಬಗ್ಗೆಯೂ ವಿಚಾರಿಸುತ್ತಿರುವುದರಿಂದ, ಈ ಲೆಕ್ಕ ಓದುವುದನ್ನು ನಾನು ತಪ್ಪು ಮಾಡಿ ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಜಾಲತಾಣ ಮಾಡಿಕೊಟ್ಟ ಪೇಟೆಯ ಒಬ್ಬರು ತಿಂಗಳ ಕೊನೆಗೆ ಬಣ್ಣದ ಚಿತ್ರಗಳಿದ್ದ ಒಂದು ವರದಿ ಕಳಿಸುತ್ತಿದ್ದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುತ್ತಿದ್ದುದು ‘ಹಿಟ್ಸ್’ ಎಂಬ ಸಂಖ್ಯೆ. ಹಲವು ಸಾವಿರ! ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ತಿಂಗಳು ಬಂದ ಆರ್ಡರು ಒಂದು ಕೈಬೆರಳಿನಲ್ಲಿ ಎಣಿಸುವಷ್ಟು. ಅದರಲ್ಲಿ ಎರಡು ನನ್ನ ತಂಗಿಯದು.

ಹಿಟ್ ಎಂದರೇನು

ಯಾರಾದರೂ ಜಾಲತಾಣದ ಒಂದು ಪುಟ ತೆರೆದಾಗ ಅವರ ಮೊಬೈಲು ನಮ್ಮ ತಾಣ ಇರುವ ಸರ್ವರ್ ಯಂತ್ರದಿಂದ ಒಂದೊಂದೇ ಕಡತವನ್ನು ಕೇಳಿ ತರಿಸಿಕೊಳ್ಳುತ್ತದೆ. ಪುಟದ ಬರಹ ಒಂದು ಕಡತ, ಪ್ರತಿ ಚಿತ್ರವೂ ಬೇರೆ ಬೇರೆ ಕಡತ. ಸರ್ವರ್ ಪ್ರತಿಯೊಂದು ಕೇಳಿಕೆಯನ್ನೂ ಒಂದು ದಿನಚರಿಯಲ್ಲಿ ಸಾಲಾಗಿ ಬರೆದುಕೊಳ್ಳುತ್ತದೆ. ಆ ಒಂದೊಂದು ಸಾಲೇ ಒಂದೊಂದು ಹಿಟ್. ಪುಟದಲ್ಲಿ 20 ಚಿತ್ರಗಳಿದ್ದರೆ ಒಬ್ಬ ಮನುಷ್ಯ ಒಂದು ಸಲ ನೋಡಿದರೂ 21 ಹಿಟ್. ತೋಟದ ಫೋಟೋ ಹೆಚ್ಚು ಹಾಕಿದಷ್ಟೂ ಹಿಟ್ ಹೆಚ್ಚು, ಗಿರಾಕಿ ಹೆಚ್ಚಲಿಲ್ಲ. ಇದರ ಮೇಲೆ ಹುಡುಕುಯಂತ್ರಗಳು ಕಳಿಸುವ ರೋಬೋಟುಗಳು ಹಗಲುರಾತ್ರಿ ಪುಟಗಳನ್ನು ಓದಿಕೊಂಡು ಹೋಗುತ್ತವೆ. ದಿನಚರಿಯಲ್ಲಿ ಅವುಗಳ ಸಾಲೂ ಸೇರಿರುತ್ತದೆ.

1990ರ ದಶಕದಲ್ಲಿ ಈ ದಿನಚರಿ ಕೂಡಿಸುವುದೇ ಜಾಲತಾಣದ ಲೆಕ್ಕವಾಗಿತ್ತು. ಅನಂತರ ಬೇರೆ ಉಪಾಯ ಬಂತು. ಪುಟದೊಳಗೇ ಒಂದು ಸಣ್ಣ ಸಂಕೇತವನ್ನು ಸೇರಿಸಿಡುವುದು. ಪುಟ ತೆರೆದೊಡನೆ ಅದು ಬೇರೊಂದು ಕಡೆಗೆ ‘ಇಲ್ಲೊಬ್ಬರು ಬಂದರು, ಇಂಥ ಪುಟ ನೋಡಿದರು, ಇಂಥ ಕಡೆಯಿಂದ ಬಂದರು’ ಎಂದು ಸುದ್ದಿ ಮುಟ್ಟಿಸುತ್ತದೆ. ಅರ್ಚಿನ್ ಎಂಬ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡು, ಅದೇ ವರ್ಷ ನವೆಂಬರಿನಲ್ಲಿ ‘ಗೂಗಲ್ ಅನಲಿಟಿಕ್ಸ್’ ಎಂಬ ಹೆಸರಿನಲ್ಲಿ ಈ ಸೌಲಭ್ಯವನ್ನು ಪುಕ್ಕಟೆಯಾಗಿ ಬಿಟ್ಟಿತು. ಅಲ್ಲಿಂದ ಮುಂದೆ ಇದು ಸಣ್ಣವರ ಕೈಗೂ ಬಂತು. ಮಟೋಮೋ ಎಂಬ ಇನ್ನೊಂದು ಸಾಧನವೂ ಇದೆ. ಅದನ್ನು ನಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡು ಲೆಕ್ಕವನ್ನು ನಮ್ಮ ಬಳಿಯೇ ಉಳಿಸಿಕೊಳ್ಳಬಹುದು. ಆದರೆ ಅದನ್ನು ನೋಡಿಕೊಳ್ಳಲು ತಿಳಿದವರು ಮನೆಯಲ್ಲಿ ಒಬ್ಬರಾದರೂ ಬೇಕು.

ಇಲ್ಲಿ ಒಂದು ಮಾತನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಗೂಗಲಿನ ಹಳೆಯ ಅನಲಿಟಿಕ್ಸ್ ವ್ಯವಸ್ಥೆ 2023ರ ಜುಲೈ 1ರಿಂದ ಹೊಸ ಲೆಕ್ಕ ಸೇರಿಸುವುದನ್ನು ನಿಲ್ಲಿಸಿತು. ಈಗಿರುವುದು ಅದರ ನಾಲ್ಕನೆಯ ಆವೃತ್ತಿ. ಆರೇಳು ವರ್ಷದ ಹಿಂದೆ ತಾಣ ಮಾಡಿಸಿ ಆಮೇಲೆ ಆ ಕಡೆ ತಲೆಹಾಕದವರ ಮಾಪಕ ಒಣಗಿ ಕುಳಿತಿರಬಹುದು. ತಾಣ ಮಾಡಿಕೊಟ್ಟವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಲೆಕ್ಕದ ಖಾತೆ ನಿಮ್ಮ ಹೆಸರಿನ ಇಮೇಲಿನಲ್ಲಿದೆಯೋ, ಮಾಡಿಕೊಟ್ಟವರ ಹೆಸರಿನಲ್ಲಿದೆಯೋ ಎಂದೂ ಕೇಳಿ. ತೋಟದ ಪಹಣಿ ಮೇಸ್ತ್ರಿಯ ಹೆಸರಿನಲ್ಲಿ ಇರಬಾರದಷ್ಟೆ. ಇನ್ನೊಂದು, ವಿವರವಾದ ಲೆಕ್ಕವನ್ನು ಅದು ತಾನಾಗಿ ಎರಡು ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು. ಕಳೆದ ದೀಪಾವಳಿಗೂ ಈ ದೀಪಾವಳಿಗೂ ಹೋಲಿಸಬೇಕೆಂದರೆ ಇದನ್ನು ಮೊದಲ ದಿನವೇ ಮಾಡಿಡತಕ್ಕದ್ದು.

ಈ ಲೆಕ್ಕದಲ್ಲಿ ‘ಯೂಸರ್’ ಎಂದರೆ ಮನುಷ್ಯ ಎಂದೇ ತಿಳಿಯಬೇಡಿ. ಅದು ಸಾಮಾನ್ಯವಾಗಿ ಒಂದು ಯಂತ್ರದ ಒಂದು ಬ್ರೌಸರು. ಒಬ್ಬರೇ ಮೊಬೈಲಿನಲ್ಲೊಮ್ಮೆ, ಕಚೇರಿಯ ಕಂಪ್ಯೂಟರಿನಲ್ಲೊಮ್ಮೆ ನೋಡಿದರೆ ಇಬ್ಬರಾಗಬಹುದು. ಮನೆಮಂದಿಯೆಲ್ಲ ಒಂದೇ ಮೊಬೈಲಿನಲ್ಲಿ ನೋಡಿದರೆ ಒಬ್ಬರೇ. ‘ಸೆಷನ್’ ಎಂದರೆ ಒಂದು ಭೇಟಿ. ನೋಡುತ್ತಿದ್ದವರು 30 ನಿಮಿಷ ಸುಮ್ಮನಿದ್ದು ಮತ್ತೆ ಬಂದರೆ ಅದನ್ನು ಹೊಸ ಭೇಟಿಯೆಂದು ಹಿಡಿಯುತ್ತಾರೆ. ಆ ಭೇಟಿ 10 ಸೆಕೆಂಡಿಗಿಂತ ಹೆಚ್ಚು ನಡೆದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನಾವು ಮುಖ್ಯವೆಂದು ಗುರುತು ಮಾಡಿಟ್ಟ ಕೆಲಸವೊಂದು ನಡೆದರೆ ಅದು ‘ಆಸಕ್ತಿಯ ಭೇಟಿ’. ಉಳಿದವರು ಬಾಗಿಲಲ್ಲಿ ಇಣುಕಿ ಹೋದವರು. ಇಣುಕಿ ಹೋದವರ ಪ್ರಮಾಣಕ್ಕೆ ‘ಬೌನ್ಸ್ ರೇಟ್’ ಎನ್ನುತ್ತಾರೆ. ಅದು ಹೆಚ್ಚಿದ್ದ ಮಾತ್ರಕ್ಕೆ ಗಾಬರಿ ಬೇಡ. ನಮ್ಮ ಫೋನ್ ನಂಬರು ಹುಡುಕಿ ಬಂದು, ನಂಬರು ನೋಡಿ, ಐದು ಸೆಕೆಂಡಿನಲ್ಲಿ ಮುಚ್ಚಿ ಫೋನು ಮಾಡಿದವರೂ ಆ ಲೆಕ್ಕದಲ್ಲಿ ಇಣುಕಿ ಹೋದವರೇ!

ಯಾವ ಸಂಖ್ಯೆ ಬರೆದಿಡಬೇಕು

ಕಾಫಿಯವರಿಗೆ ಔಟ್‌ಟರ್ನ್ ಹೊಸದಲ್ಲ. ಹಣ್ಣು ಕೊಯ್ದು, ಪಲ್ಪರಿಗೆ ಹಾಕಿ, ತೊಳೆದು, ಒಣಗಿಸಿ, ಕ್ಯೂರಿಂಗಿಗೆ ಕಳಿಸಿ ಕೊನೆಗೆ ಕೈಗೆ ಬರುವ ಬೇಳೆ, ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ. ಹಣ್ಣಿನ ತೂಕ ನೋಡಿ ಯಾರೂ ಸಾಲ ತೀರಿಸುವ ಲೆಕ್ಕ ಹಾಕುವುದಿಲ್ಲ. ಜಾಲತಾಣದಲ್ಲೂ ಹಾಗೆಯೇ. ಒಂದು ತಿಂಗಳಲ್ಲಿ 1000 ಭೇಟಿ ಆಯಿತೆಂದು ಇಟ್ಟುಕೊಳ್ಳಿ. ಅವರಲ್ಲಿ 200 ಮಂದಿ ಪುಡಿಯ ಪುಟಕ್ಕೆ ಬಂದರು. 30 ಮಂದಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದರು. 12 ಮಂದಿ ಹಣ ಕಟ್ಟಿದರು. ನೋಡಬೇಕಾದ್ದು 1000 ಅಲ್ಲ, ಕೊನೆಯ 12. ಅದರ ಜೊತೆಗೆ ಯಾವ ಹಂತದಲ್ಲಿ ಅತಿ ಹೆಚ್ಚು ಸೋರಿತು ಎಂಬುದು.

ಮೇಲಿನ ಉದಾಹರಣೆಯಲ್ಲಿ ಗುಂಡಿ ಒತ್ತಿದ 30 ಮಂದಿಯಲ್ಲಿ 18 ಮಂದಿ ಹಣ ಕಟ್ಟದೆ ಹೋಗಿದ್ದಾರೆ. ಕೊಳ್ಳುವ ಮನಸ್ಸು ಮಾಡಿ ಬಾಗಿಲ ತನಕ ಬಂದವರು ಇವರು. ಇಂಥಲ್ಲಿ ಮೊದಲು ನೋಡಬೇಕಾದ್ದು ಅಂಚೆ ಖರ್ಚು. ಪುಡಿಯ ಬೆಲೆ ಒಂದು ತೋರಿಸಿ, ಕೊನೆಯ ಪುಟದಲ್ಲಿ ಏಕಾಏಕಿ ಕೊರಿಯರಿನ ಹಣ ಸೇರಿಸಿದರೆ ಯಾರಿಗಾದರೂ ಮನಸ್ಸು ಮುರಿಯುತ್ತದೆ. ನಾನು ಅಂಚೆ ಖರ್ಚನ್ನು ಪುಡಿಯ ಪುಟದಲ್ಲೇ ಬರೆದೆ. ಅರ್ಧ ದಾರಿಯಲ್ಲಿ ಬಿಟ್ಟುಹೋಗುವವರು ಕಡಿಮೆಯಾದರು. ಗುಂಡಿ ಒತ್ತುವವರೂ ಸ್ವಲ್ಪ ಕಡಿಮೆಯಾದರು ಎಂಬುದನ್ನೂ ಹೇಳಬೇಕು. ಆದರೆ ಬರುವವರು ತಿಳಿದು ಬರುತ್ತಾರೆ.

1000ದಲ್ಲಿ 200 ಮಂದಿ ಮಾತ್ರ ಪುಡಿಯ ಪುಟಕ್ಕೆ ಬಂದದ್ದೇಕೆ ಎಂಬುದಕ್ಕೆ ತಾಣ ತೆರೆಯಲು ತಡವಾಗುವುದು ಒಂದು ಕಾರಣವಿರಬಹುದು. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಏರಿಸಿದರೆ ಒಂದೊಂದೂ ನಾಲ್ಕೈದು ಎಂಬಿ ತೂಗುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಣ್ಣಿಗೆ ಬೀಳಬೇಕೆಂದು ಗೂಗಲ್ ಹೇಳುತ್ತದೆ. ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಪುಕ್ಕಟೆ ಸಾಧನದಲ್ಲಿ ನಿಮ್ಮ ತಾಣದ ಹೆಸರು ಕೊಟ್ಟರೆ ಎಲ್ಲಿ ತಡವೆಂದು ಅದೇ ಹೇಳುತ್ತದೆ. ಚಿತ್ರಗಳನ್ನು ಕುಗ್ಗಿಸಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ, ಜಾಹೀರಾತಿಗೆ ಒಂದು ರೂಪಾಯಿ ಹಾಕುವ ಮೊದಲು ಮಾಡುವಂಥದು.

ನಮ್ಮ ಕಡೆಯ ವ್ಯಾಪಾರಕ್ಕೆ ಇನ್ನೊಂದು ತೊಡಕಿದೆ. ಬಹುಮಂದಿ ತಾಣದಲ್ಲಿ ಹಣ ಕಟ್ಟುವುದಿಲ್ಲ. ತಾಣ ನೋಡಿ, ವಾಟ್ಸಾಪಿನಲ್ಲಿ ‘ಸಾರ್, ಒಂದು ಕಿಲೋ ಕಳಿಸ್ತೀರಾ?’ ಎಂದು ಕೇಳುತ್ತಾರೆ. ಇಂಥ ಆರ್ಡರು ತಾಣದ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ತಾಣದಲ್ಲಿರುವ ವಾಟ್ಸಾಪ್ ಗುಂಡಿಯನ್ನೂ ಫೋನ್ ನಂಬರನ್ನೂ ಒತ್ತಿದ್ದನ್ನು ಎಣಿಸುವಂತೆ ಮಾಡಿಸಿ, ಅದನ್ನು ‘ಕೀ ಇವೆಂಟ್’ ಎಂದು ಗುರುತು ಹಾಕಿಸಬೇಕು. ಮೇಲಾಗಿ ಫೋನಿನ ಪಕ್ಕದಲ್ಲಿ ಒಂದು ನೋಟುಬುಕ್ಕು ಇರಲಿ. ಹೊಸಬರು ಮಾತಾಡಿದಾಗ ‘ನಮ್ಮ ಪುಡಿಯ ವಿಷಯ ಎಲ್ಲಿ ತಿಳಿಯಿತು?’ ಎಂದು ಕೇಳಿ ಬರೆದುಕೊಳ್ಳಿ. ಯಂತ್ರಕ್ಕೆ ಸಿಗದ ಉತ್ತರ ಎಷ್ಟೋ ಸಲ ಇಲ್ಲಿ ಸಿಗುತ್ತದೆ. ನನ್ನ ನೋಟುಬುಕ್ಕಿನಲ್ಲಿ ಅತಿ ಹೆಚ್ಚು ಬಂದ ಉತ್ತರ, ‘ನಮ್ಮ ಪಕ್ಕದ ಮನೆಯವರು ಹೇಳಿದರು’ ಎಂಬುದು.

ಊರುಗಳ ಲೆಕ್ಕವನ್ನೂ ಒಮ್ಮೆ ನೋಡಿ. ಕೊರಿಯರು ತಲುಪದ, ಮಾಲು ಕಳಿಸಲಾಗದ ಕಡೆಯಿಂದ ಬಂದವರು ಎಷ್ಟಿದ್ದರೂ ನಮಗೆ ಸಂಖ್ಯೆ ಮಾತ್ರ. ಹಾಳೆ ತಟ್ಟೆ ಮಾಡುವ ಸದಸ್ಯರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಊಟಕ್ಕೆ ಬಳಸುವಂತಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ತಿಳಿಸಿದ ಮೇಲೆ, ಅಲ್ಲಿಂದ ಬರುವ ಭೇಟಿಗಳಿಗಾಗಿ ಜಾಹೀರಾತಿನ ಹಣ ಹೋಗುತ್ತಿದ್ದರೆ ಕೂಡಲೇ ಆ ದೇಶವನ್ನು ಪಟ್ಟಿಯಿಂದ ತೆಗೆಸಬೇಕು.

ಜನ ಏನೆಂದು ಹುಡುಕುತ್ತಾರೆ

ನನಗೆ ಅತ್ಯಂತ ಉಪಯೋಗವಾದದ್ದು ಅನಲಿಟಿಕ್ಸ್ ಅಲ್ಲ, ಅದರ ಸೋದರ ಸಂಬಂಧಿ ‘ಸರ್ಚ್ ಕನ್ಸೋಲ್’. ಇದೂ ಗೂಗಲಿನದೇ, ಪುಕ್ಕಟೆ. ಜನ ಏನೆಂದು ಬರೆದು ಹುಡುಕಿದಾಗ ನಮ್ಮ ತಾಣದ ಹೆಸರು ಅವರಿಗೆ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೆಯ ಸಾಲಿನಲ್ಲಿ ನಾವಿದ್ದೆವು ಎಂಬ ನಾಲ್ಕು ಕಾಲಮು ಅದರಲ್ಲಿ ಇರುತ್ತದೆ. 16 ತಿಂಗಳ ಹಿಂದಿನ ತನಕ ಲೆಕ್ಕ ಸಿಗುತ್ತದೆ.

ನಾನು ನನ್ನ ತಾಣದಲ್ಲಿ ‘ಅರೇಬಿಕಾ ಪ್ಲಾಂಟೇಷನ್ ಎ, ನೆರಳಿನಲ್ಲಿ ಬೆಳೆದದ್ದು’ ಎಂದು ದೊಡ್ಡದಾಗಿ ಬರೆದುಕೊಂಡಿದ್ದೆ. ಅದು ನಮ್ಮ ಮಾತು, ಕ್ಯೂರಿಂಗ್ ಕಾರ್ಖಾನೆಯ ಮಾತು. ಹುಡುಕುವವರು ಬರೆಯುತ್ತಿದ್ದುದು ‘ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಪುಡಿ’ ಎಂದು! ಆ ಮಾತು ನನ್ನ ತಾಣದಲ್ಲಿ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ಆದ್ದರಿಂದ ಹೆಸರು ಮೂರನೆಯ ಪುಟದಲ್ಲೆಲ್ಲೋ ಕಾಣಿಸುತ್ತಿತ್ತು. ಪುಡಿಯ ಪುಟದ ತಲೆಬರಹವನ್ನೇ ಬದಲಿಸಿ, ಚಿಕೋರಿ ಹಾಕಿದ್ದು ಯಾವುದು, ಹಾಕದ್ದು ಯಾವುದು, ಯಾವ ಫಿಲ್ಟರಿಗೆ ಎಷ್ಟು ನುಣುಪು ಬೇಕು ಎಂದು ಗಿರಾಕಿ ಕೇಳುವ ಕ್ರಮದಲ್ಲಿ ಬರೆದೆ. ಕೆಲವು ವಾರಗಳಲ್ಲಿ ಮೇಲೆ ಬಂತು. ಇದಕ್ಕೆ ಖರ್ಚಾದದ್ದು ಒಂದು ಭಾನುವಾರ. ಹೋಂಸ್ಟೇ ಇರುವವರು ಕೂಡ ತಮ್ಮ ಮನೆಯ ಹೆಸರಿಗಿಂತ ‘ಮಕ್ಕಳೊಂದಿಗೆ ಉಳಿಯಲು’, ‘ಸಸ್ಯಾಹಾರ’, ‘ಬಸ್ಸಿನಲ್ಲಿ ಬರುವುದು ಹೇಗೆ’ ಎಂಬಂಥ ಮಾತುಗಳ ಕಡೆ ಕಣ್ಣಿಡುವುದು ಒಳ್ಳೆಯದು.

ಮೂಟೆಗೆ ಗುರುತು

ಮಂಡಿಗೆ ಅಡಿಕೆ ಕಳಿಸುವಾಗ ಮೂಟೆಯ ಮೇಲೆ ನಮ್ಮ ಗುರುತು ಹಾಕುತ್ತೇವೆ. ಇಲ್ಲವಾದರೆ ಯಾರ ರಾಶಿ, ಯಾರ ಬೆಟ್ಟೆ ಎಂದು ತಿಳಿಯುವುದಿಲ್ಲ. ಜಾಲತಾಣದ ಕೊಂಡಿಯನ್ನು ನಾಲ್ಕು ಕಡೆ ಹಂಚುವಾಗಲೂ ಇದೇ ರೀತಿ ಗುರುತು ಹಾಕಬಹುದು. ಕೊಂಡಿಯ ಬಾಲಕ್ಕೆ ಮೂರು ಪದ ಸೇರಿಸುತ್ತಾರೆ: ಎಲ್ಲಿಂದ, ಯಾವ ಬಗೆಯಲ್ಲಿ, ಯಾವ ಪ್ರಚಾರಕ್ಕೆ. ಇವುಗಳಿಗೆ ‘ಯುಟಿಎಂ’ ಎಂದು ಹೆಸರು. ಮೊದಲ ಅಕ್ಷರ ಆ ಹಳೆಯ ಅರ್ಚಿನ್ ಕಂಪನಿಯ ನೆನಪು. ವಾಟ್ಸಾಪ್ ಗುಂಪಿಗೆ ಒಂದು ಗುರುತು, ಪುಡಿಯ ಪೊಟ್ಟಣದ ಮೇಲಿನ ಕ್ಯೂಆರ್ ಚೌಕಕ್ಕೆ ಒಂದು, ಜಾತ್ರೆಯ ಮಳಿಗೆಯ ಕರಪತ್ರಕ್ಕೆ ಇನ್ನೊಂದು. ಗುರುತಿಲ್ಲದ ಕೊಂಡಿಯಿಂದ ಬಂದವರನ್ನು ಯಂತ್ರ ಬಹಳ ಸಲ ‘ಡೈರೆಕ್ಟ್’ ಎಂಬ ಮೂಟೆಗೆ ತುಂಬಿಬಿಡುತ್ತದೆ. ಗುರುತನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಸದಾ ಒಂದೇ ರೀತಿ ಬರೆಯಬೇಕು. ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರ ಹಾಕಿದರೆ ಅದು ಎರಡೆಂದು ಎಣಿಸುತ್ತದೆ.

ಜಾಹೀರಾತು ತಂದ ಗಿರಾಕಿಯೋ, ತಾನಾಗಿ ಬಂದವನೋ

ಇನ್ನು ಹಣದ ವಿಷಯ. ಇದಕ್ಕಾಗಿಯೇ ಈ ಲೇಖನ ಬರೆಯಲು ಕುಳಿತದ್ದು.

ಮೊದಲು ಸಾದಾ ಲೆಕ್ಕ. 3000 ರೂಪಾಯಿಯ ಜಾಹೀರಾತಿನಿಂದ 300 ಮಂದಿ ಬಂದು, ಆರು ಮಂದಿ 500 ರೂಪಾಯಿಯಂತೆ ಪುಡಿ ಕೊಂಡರೆ ಮಾರಾಟ 3000. ‘ಹಾಕಿದ್ದು ವಾಪಸು ಬಂತಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಬೀಜ, ಹುರಿ, ಪೊಟ್ಟಣ, ಕೊರಿಯರು ಕಳೆದು ಒಂದು ಆರ್ಡರಿಗೆ 150 ಉಳಿಯುವುದಾದರೆ ಕೈಗೆ ಬಂದದ್ದು 900, ಕೈಬಿಟ್ಟದ್ದು 2100. ಆ ಆರು ಮಂದಿ ತಿಂಗಳು ತಿಂಗಳೂ ತರಿಸಿಕೊಳ್ಳುವವರಾದರೆ ಮಾತು ಬೇರೆ. ಆದ್ದರಿಂದ ಅವರು ತಿರುಗಿ ಬಂದರೇ ಎಂದು ಹೆಸರು ಹಿಡಿದು ನೋಡಬೇಕು.

ಆದರೆ ಇದಕ್ಕೂ ಆಳದ ಪ್ರಶ್ನೆ ಒಂದಿದೆ. ಆ ಆರು ಮಂದಿ ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದರೇ? ಯಂತ್ರದ ಲೆಕ್ಕ ಅದನ್ನು ಹೇಳುವುದಿಲ್ಲ. ‘ಇವರು ಜಾಹೀರಾತು ಒತ್ತಿ ಬಂದರು’ ಎಂದಷ್ಟೇ ಹೇಳುತ್ತದೆ. ನಮ್ಮ ಅಂಗಡಿಯ ಬಾಗಿಲಲ್ಲೇ ಒಬ್ಬನನ್ನು ನಿಲ್ಲಿಸಿ, ಒಳಗೆ ಬರುತ್ತಿರುವವರ ಕೈಗೆಲ್ಲ ಚೀಟಿ ಕೊಡಿಸಿ, ಸಂಜೆ ‘ಚೀಟಿ ಹಿಡಿದು ಬಂದವರು ಐವತ್ತು ಮಂದಿ, ನನ್ನ ಕೂಲಿ ಕೊಡಿ’ ಎಂದರೆ ಹೇಗೋ ಹಾಗೆ.

ಇದನ್ನು ಪ್ರಯೋಗ ಮಾಡಿ ತೋರಿಸಿದ್ದು ಅಮೆರಿಕದ ಇಬೇ ಎಂಬ ದೊಡ್ಡ ಜಾಲ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞರು: ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೋ ಮತ್ತು ಸ್ಟೀವನ್ ಟಡೇಲಿಸ್. ಹುಡುಕುಯಂತ್ರದಲ್ಲಿ ಯಾರಾದರೂ ‘ಇಬೇ’ ಎಂದು ಬರೆದರೆ ಮೇಲೆ ಆ ಕಂಪನಿಯ ಜಾಹೀರಾತು, ಅದರ ಕೆಳಗೆ ಅದೇ ಕಂಪನಿಯ ಪುಕ್ಕಟೆ ಕೊಂಡಿ ಕಾಣಿಸುತ್ತಿತ್ತು. ಜಾಹೀರಾತು ಒತ್ತಿದರೆ ಕಂಪನಿ ಹಣ ಕೊಡಬೇಕು. ಕೆಳಗಿನದನ್ನು ಒತ್ತಿದರೆ ಕೊಡಬೇಕಿಲ್ಲ. 2012ರ ಮಾರ್ಚಿನಲ್ಲಿ ಇವರು ಯಾಹೂ ಮತ್ತು ಮೈಕ್ರೋಸಾಫ್ಟಿನ ಹುಡುಕುಯಂತ್ರಗಳಲ್ಲಿ ತಮ್ಮ ಹೆಸರಿನ ಜಾಹೀರಾತನ್ನು ನಿಲ್ಲಿಸಿ, ಗೂಗಲಿನಲ್ಲಿ ಹಾಗೆಯೇ ಉಳಿಸಿಕೊಂಡು ಹೋಲಿಸಿದರು. ಜಾಹೀರಾತಿನಿಂದ ಬರುತ್ತಿದ್ದವರಲ್ಲಿ ಶೇಕಡಾ 99.5ರಷ್ಟು ಮಂದಿ ಕೆಳಗಿನ ಪುಕ್ಕಟೆ ಕೊಂಡಿ ಒತ್ತಿ ಬಂದರು! ಅಷ್ಟು ದಿನ ಕೊಟ್ಟ ಹಣ, ಹೇಗೂ ಬರುತ್ತಿದ್ದವರನ್ನು ಬರಮಾಡಿಕೊಳ್ಳಲು.

ಅಷ್ಟಕ್ಕೇ ಬಿಡಲಿಲ್ಲ. ಕಂಪನಿಯ ಹೆಸರಿಲ್ಲದ, ಬರಿಯ ವಸ್ತುವಿನ ಹೆಸರಿನ ಜಾಹೀರಾತುಗಳನ್ನೂ ಪರೀಕ್ಷಿಸಿದರು. ದೇಶದ ಶೇಕಡಾ 30ರಷ್ಟು ಪ್ರದೇಶಗಳಲ್ಲಿ 60 ದಿನ ಅವನ್ನು ನಿಲ್ಲಿಸಿ, ಉಳಿದ ಕಡೆ ನಡೆಸಿದರು. ಎರಡು ಕಡೆಯ ಮಾರಾಟದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಅಂಗಡಿಯನ್ನು ಆಗಲೇ ಬಲ್ಲವರು, ಪದೇ ಪದೇ ಕೊಳ್ಳುವವರು ಜಾಹೀರಾತಿನಿಂದ ಬದಲಾಗಲಿಲ್ಲ. ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳುವವರ ಮೇಲೆ ಮಾತ್ರ ಅದು ಕೆಲಸ ಮಾಡಿತ್ತು. ಈ ಅಧ್ಯಯನ 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಇದನ್ನು ಓದಿ ‘ಜಾಹೀರಾತೇ ದಂಡ’ ಎಂಬ ತೀರ್ಮಾನಕ್ಕೆ ಬರಬಾರದು. ಇಬೇ ಅಮೆರಿಕದಲ್ಲಿ ಮನೆಮಾತು. ನಮ್ಮನ್ನು ಬಲ್ಲವರು ಎಷ್ಟು ಮಂದಿ? ಹೊಸಬರಿಗೆ ನಾವಿದ್ದೇವೆಂದು ತಿಳಿಸುವ ಜಾಹೀರಾತು ನಮ್ಮಂಥವರಿಗೆ ಕೆಲಸ ಮಾಡಲೂಬಹುದು. ನಮ್ಮದೇ ಹೆಸರಿನ ಮೇಲೆ ಕೊಡುವ ಜಾಹೀರಾತನ್ನಂತೂ ಮೊದಲು ಅನುಮಾನದಿಂದ ನೋಡಬೇಕು. ಪೇಟೆಯವರ ವರದಿಗಳಲ್ಲಿ ಬಹಳ ಚೆನ್ನಾಗಿ ಕಾಣುವುದು ಇದೇ. ಹೆಸರು ಬರೆದು ಹುಡುಕಿದವರು ಕೊಳ್ಳಲೆಂದೇ ಬಂದವರಲ್ಲವೇ? ಬೇರೆ ಯಾರೋ ನಮ್ಮ ಹೆಸರಿನ ಮೇಲೆ ತಮ್ಮ ಜಾಹೀರಾತು ಹಾಕಿ ಗಿರಾಕಿಯನ್ನು ಎಳೆಯುತ್ತಿದ್ದರೆ ಮಾತ್ರ ಯೋಚನೆ ಬೇರೆ. ನಮ್ಮ ಹೆಸರನ್ನು ನಾವೇ ಹುಡುಕಿ ನೋಡಿದರೆ ಇದು ಗೊತ್ತಾಗುತ್ತದೆ. ಆದರೆ ಜಾಹೀರಾತನ್ನು ಒತ್ತಬೇಡಿ, ಅದಕ್ಕೂ ಹಣ ಹೋಗುತ್ತದೆ.

ಔಷಧಿ ಹೊಡೆಯದ ಸಾಲು

ಹೊಸ ಔಷಧಿಯೊಂದನ್ನು ಮಾರುವವರು ಬಂದರೆ ಅನುಭವಸ್ಥ ಬೆಳೆಗಾರ ಏನು ಮಾಡುತ್ತಾನೆ? ಒಂದು ಕಡೆ ಅದನ್ನು ಹೊಡೆದು, ಒಂದೆರಡು ಸಾಲಿಗೆ ಹೊಡೆಯದೆ ಬಿಡುತ್ತಾನೆ. ಮಳೆಯೇ ಕಡಿಮೆಯಾದ ವರ್ಷ ಕೊಳೆ ಬಾರದಿದ್ದರೆ ಅದು ಔಷಧಿಯ ಗುಣವಲ್ಲ ಎಂಬುದು ಆ ಬಿಟ್ಟ ಸಾಲಿನಿಂದ ತಿಳಿಯುತ್ತದೆ. ಜಾಹೀರಾತಿಗೂ ಹೊಡೆಯದ ಸಾಲು ಬೇಕು. ಜಾಹೀರಾತು ಯಾವ ಊರುಗಳಲ್ಲಿ ಕಾಣಿಸಬೇಕೆಂದು ನಾವೇ ಆರಿಸಬಹುದು. ಮಾರಾಟ ಹೆಚ್ಚು ಕಡಿಮೆ ಸಮವಾಗಿರುವ ಎರಡು ಜಿಲ್ಲೆಗಳನ್ನು ತೆಗೆದುಕೊಂಡು, ಎರಡು ತಿಂಗಳು ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ನಿಲ್ಲಿಸಿ. ಎರಡರ ಆರ್ಡರುಗಳನ್ನೂ ಎಣಿಸಿ, ವಾಟ್ಸಾಪಿನದೂ ಸೇರಲಿ. ಆಮೇಲೆ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ‘ಹೋದ ತಿಂಗಳು ಜಾಹೀರಾತು ಇರಲಿಲ್ಲ, ಈ ತಿಂಗಳು ಇತ್ತು, ಮಾರಾಟ ಏರಿತು’ ಎಂಬ ಹೋಲಿಕೆ ಬೇಡ. ನಡುವೆ ಹಬ್ಬ ಬಂದಿರುತ್ತದೆ, ಮಳೆಗಾಲದ ಚಳಿಗೆ ಜನ ಒಂದು ಲೋಟ ಹೆಚ್ಚು ಕುಡಿದಿರುತ್ತಾರೆ.

ಸಣ್ಣ ಸಂಖ್ಯೆಗಳ ಮೋಸಕ್ಕೆ ಒಂದು ಒರೆಗಲ್ಲು ಇಟ್ಟುಕೊಳ್ಳಿ. ಸಮವಾದ ಎರಡು ಕಡೆಗಳ ಆರ್ಡರನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸ ಆ ವರ್ಗಮೂಲದ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ನಂಬಬೇಡಿ. ಒಂದು ಕಡೆ 16, ಇನ್ನೊಂದು ಕಡೆ 12 ಆರ್ಡರು ಬಂದಿದೆಯೆನ್ನಿ. ಕೂಡಿಸಿದರೆ 28, ವರ್ಗಮೂಲ ಸುಮಾರು 5.3, ಅದರ ಎರಡರಷ್ಟು 10.6. ವ್ಯತ್ಯಾಸ ಬರೀ 4. ಏನೂ ಹೇಳಲಾಗದು, ಇನ್ನೂ ಕಾಯಬೇಕು. 160 ಮತ್ತು 120 ಆಗಿದ್ದರೆ ವರ್ಗಮೂಲ 16.7, ಎರಡರಷ್ಟು 33ಕ್ಕಿಂತ ತುಸು ಹೆಚ್ಚು, ವ್ಯತ್ಯಾಸ 40. ಇದನ್ನು ನಂಬಬಹುದು.

ಗುಂಡಿಯ ಬಣ್ಣ ಬದಲಿಸಿ ನೋಡೋಣ, ಚಿತ್ರ ಬದಲಿಸಿ ನೋಡೋಣ ಎಂದು ಪೇಟೆಯವರು ಹೇಳುವ ‘ಎ-ಬಿ ಪರೀಕ್ಷೆ’ ನಮಗೆ ಹೆಚ್ಚು ಒದಗದಿರುವುದೂ ಇದೇ ಕಾರಣಕ್ಕೆ. 2007ರ ಡಿಸೆಂಬರಿನಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ತಾಣದಲ್ಲಿ ಮೊದಲ ಪುಟವನ್ನು 24 ಬಗೆಯಾಗಿ ಮಾಡಿ ಪರೀಕ್ಷಿಸಿದ್ದರು. ಇಮೇಲ್ ಕೊಟ್ಟು ಸೇರಿಕೊಳ್ಳುವವರ ಪ್ರಮಾಣ ಶೇಕಡಾ 8.26 ಇದ್ದದ್ದು, ಕುಟುಂಬದ ಫೋಟೋ ಮತ್ತು ‘ಇನ್ನಷ್ಟು ತಿಳಿಯಿರಿ’ ಎಂಬ ಗುಂಡಿ ಇದ್ದ ಪುಟದಲ್ಲಿ 11.6ಕ್ಕೆ ಏರಿತು. ಸಿಬ್ಬಂದಿ ಮೆಚ್ಚಿದ್ದ ವಿಡಿಯೋಗಳು ಫೋಟೋಗಳಿಗಿಂತ ಹಿಂದೆ ಬಿದ್ದವು. ಆದರೆ ಅಲ್ಲಿ ನೋಡಿದವರು ಮೂರು ಲಕ್ಷಕ್ಕೂ ಹೆಚ್ಚು ಮಂದಿ. ತಿಂಗಳಿಗೆ ಮುನ್ನೂರು ಮಂದಿ ಬರುವ ತಾಣದಲ್ಲಿ ಆ ಆಟಕ್ಕೆ ಕುಳಿತರೆ ಉತ್ತರ ಬರುವಷ್ಟರಲ್ಲಿ ಅಡಿಕೆ ಸಸಿ ಫಸಲಿಗೆ ಬಂದಿರುತ್ತದೆ.

ಒಂದು ಎಚ್ಚರಿಕೆ. ಗಿರಾಕಿಗಳ ಹೆಸರು, ಫೋನ್ ನಂಬರುಗಳನ್ನು ಅನಲಿಟಿಕ್ಸಿಗೆ ಸೇರಿಸುವಂತಿಲ್ಲ, ಗೂಗಲಿನ ನಿಯಮವೇ ಅದನ್ನು ತಡೆಯುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಮ್ಮ ದೇಶದಲ್ಲೂ 2023ರಲ್ಲಿ ಕಾಯಿದೆ ಆಗಿದೆ. ಆರ್ಡರಿಗಾಗಿ ಕೊಟ್ಟ ವಿಳಾಸವನ್ನು ಆರ್ಡರಿಗಷ್ಟೇ ಬಳಸಿ. ಇನ್ನೊಬ್ಬರಿಗೆ ಪಟ್ಟಿ ಕೊಡಬೇಡಿ, ನೆಂಟರಾದರೂ ಸರಿ.

ನನ್ನ ಪುಸ್ತಕದಲ್ಲಿ ಈಗ ವಾರಕ್ಕೆ ಒಂದೇ ಸಾಲು. ಭಾನುವಾರ ಬೆಳಿಗ್ಗೆ ಮಳೆಯ ಲೆಕ್ಕ ಬರೆದ ಪುಟದ ಎದುರು ಪುಟದಲ್ಲೇ ಬರೆಯುತ್ತೇನೆ: ಆಸಕ್ತಿಯ ಭೇಟಿ, ವಾಟ್ಸಾಪ್ ಮತ್ತು ಫೋನ್ ಒತ್ತಿದವರು, ಆರ್ಡರು, ಅದರಲ್ಲಿ ಹಳಬರೆಷ್ಟು, ಜಾಹೀರಾತಿನ ಖರ್ಚು. ಐದು ಕಾಲಮು, ಹದಿನೈದು ನಿಮಿಷ. ನಮ್ಮದೇ ಹೆಸರಿನ ಜಾಹೀರಾತನ್ನು ನಿಲ್ಲಿಸಿ ನಾಲ್ಕು ತಿಂಗಳಾಯಿತು, ಆರ್ಡರು ಇಳಿದಿಲ್ಲ. ವಸ್ತುವಿನ ಹೆಸರಿನದನ್ನು ಮೈಸೂರು ಕಡೆ ನಡೆಸಿ ಹುಬ್ಬಳ್ಳಿ ಕಡೆ ನಿಲ್ಲಿಸಿದ್ದೇನೆ. ಇಲ್ಲಿಯವರೆಗೆ ಮೈಸೂರು 19, ಹುಬ್ಬಳ್ಳಿ 11. ಮೇಲಿನ ಒರೆಗಲ್ಲಿಗೆ ಹಾಕಿದರೆ ಇನ್ನೂ ನಂಬುವಂತಿಲ್ಲ. ಕೊಯ್ಲು ಮುಗಿಯುವ ತನಕ ಹೀಗೇ ಬಿಟ್ಟು, ಆಮೇಲೆ ಎರಡು ಊರನ್ನೂ ಅದಲುಬದಲು ಮಾಡುವವನಿದ್ದೇನೆ. ಇಂಥ ಪುಸ್ತಕ ಇಟ್ಟಿರುವ ಬೇರೆ ಸದಸ್ಯರು ತಮ್ಮ ಲೆಕ್ಕವನ್ನು ಸಂಘದ ಕಚೇರಿಗೆ ಕಳಿಸಿಕೊಟ್ಟರೆ, ಹೆಸರು ಹಾಕದೆ, ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಕೂಡಿಸಿ ನೋಡಬಹುದು.